ನಿದ್ರಿಸಿದ ಗಣಕಯಂತ್ರದ ಕಾಲಗಣನೆ

ಗಾಢನಿದ್ರೆಯಿಂದೆದ್ದವನು ತಾನೆಷ್ಟು ಹೊತ್ತು ಮಲಗಿದ್ದನೆಂಬುದನ್ನು ತಾನಾಗಿ ಅರಿಯಲಾರನು. ಸೂರ್ಯನನ್ನೋ ಗಡಿಯಾರವನ್ನೋ ನೋಡಿಯೇ ತಿಳಿಯಬೇಕು. ಗಣಕಯಂತ್ರಕ್ಕೂ ಇದೇ ಅವಸ್ಥೆಯೊದಗುವುದು. ಅದರ ಆಪರೇಟಿಂಗ್ ಸಿಸ್ಟಮಿನ ಗರ್ಭಭಾಗಕ್ಕೆ ಕರ್ನೆಲ್ ಎಂದು ಹೆಸರು. ಲಿನಕ್ಸ್ ಎಂಬ ಕರ್ನೆಲಿನಲ್ಲಿ ಈ ತೊಡಕು ಹೇಗೆ ಪರಿಹೃತವಾಯಿತೆಂಬುದನ್ನು ಇಲ್ಲಿ ನಿರೂಪಿಸುವೆವು. ಶಬ್ದಾರ್ಥವಿಚಾರದಲ್ಲಿ ಆಸಕ್ತರಾದವರಿಗೆ ಇದು ಅಪ್ರಸ್ತುತವೆನಿಸಲಾರದು; ಏಕೆಂದರೆ ಕಡೆಗೆ ವಿಚಾರವು 'ಕಾಲ'ವೆಂಬ ಶಬ್ದದ ಅರ್ಥಕ್ಕೇ ಬಂದು ನಿಲ್ಲುವುದು.

ಎಚ್ಚರದಲ್ಲಿ ಕರ್ನೆಲು ಯಂತ್ರದೊಳಗೆ ಅತಿವೇಗದಿಂದ ಏರುತ್ತಿರುವ ಒಂದು ಎಣಿಕೆಯನ್ನೋದಿ ಕಾಲವನ್ನರಿಯುವುದು. ಯಂತ್ರವು ನಿದ್ರಿಸಿದಾಗ ಆ ಎಣಿಕೆಯು ಅನೇಕ ಯಂತ್ರಗಳಲ್ಲಿ ನಿಂತುಹೋಗುವುದು. ಆದರೆ ಸಣ್ಣದೊಂದು ಬ್ಯಾಟರಿಯ ಬಲದಿಂದ ನಡೆಯುವ ಮತ್ತೊಂದು ಗಡಿಯಾರವು ನಿಲ್ಲದು. ಮಲಗುವ ಮುನ್ನವೂ ಎದ್ದ ಬಳಿಕವೂ ಅದನ್ನು ನೋಡಿ, ವ್ಯತ್ಯಾಸವನ್ನು ಕೂಡಿಸಿಕೊಂಡರೆ ಸಾಲದೆ? ಸಾಲದು. ಆ ಗಡಿಯಾರವು ಸಾಮಾನ್ಯವಾಗಿ ಪೂರ್ಣ ಸೆಕೆಂಡುಗಳನ್ನು ಮಾತ್ರ ಹೇಳುವುದರಿಂದ, ಒಂದೊಂದು ನಿದ್ರೆಗೂ ಸುಮಾರು 1 ಸೆಕೆಂಡಿನವರೆಗೆ ತಪ್ಪು ಸಂಭವಿಸುವುದು. ಪದೇಪದೇ ಮಲಗಿ ಏಳುವ ಯಂತ್ರದಲ್ಲಿ ಅದು ಬೆಳೆಯುತ್ತ ಹೋಗುವುದು. ಆದುದರಿಂದ ಕರ್ನೆಲು ತನ್ನ ಕಾಲಕ್ಕೂ ಆ ಗಡಿಯಾರದ ಕಾಲಕ್ಕೂ ಇರುವ ಅಂತರವನ್ನು ನೆನಪಿನಲ್ಲಿಟ್ಟುಕೊಂಡು, ಮುಂದಿನ ಸಲ ಮಲಗುವಾಗ ಆ ಅಂತರವು ಅಲ್ಪಸ್ವಲ್ಪ ಬದಲಾಗಿದ್ದರೆ ಅದನ್ನು ಸರಿಹೊಂದಿಸುವುದು. ಹೀಗೆ ತಪ್ಪು ಉಳಿದರೂ ರಾಶಿಗೂಡದು.

ಇನ್ನು ವಿಚಾರಣೀಯವಾದುದು, ನಿದ್ರಾಕಾಲವನ್ನು ಯಾವ ಲೆಕ್ಕಕ್ಕೆ ಸೇರಿಸತಕ್ಕದ್ದೆಂಬುದು. ಲಿನಕ್ಸಿನಲ್ಲಿ 'ರಿಯಲ್‌ಟೈಮ್' ಎಂಬುದು ಲೋಕವ್ಯವಹಾರದ ಕಾಲ, ಅದಕ್ಕೆ ಸೇರಲೇಬೇಕು. 'ಮಾನೊಟಾನಿಕ್' ಎಂಬುದು ಎಂದೂ ಹಿಂದೆಗೆಯದ ಕಾಲ. ಅದು ನಿದ್ರೆಯನ್ನು ಗಣಿಸದು. ಗಣಿಸತಕ್ಕ 'ಬೂಟ್‌ಟೈಮ್' ಎಂಬುದು 2011ರಲ್ಲಿ ಬಂದಿತು. 2018ರಲ್ಲಿ ಈ ಕಡೆಯ ಎರಡನ್ನೂ ಒಂದಾಗಿಸಲು ಯತ್ನಿಸಿದರು. ಲಾಘವವೇನೋ ಉಂಟಾಯಿತು, ಆದರೆ ಅನರ್ಥವೂ ಕೂಡಿಬಂದಿತು. ಗೊತ್ತಾದ ಅವಧಿಯೊಳಗೆ ಸುಳಿವು ಕೊಡದ ಕೆಲಸಗಾರ ಪ್ರೋಗ್ರಾಮನ್ನು ಕೆಟ್ಟಿತೆಂದು ನಿಲ್ಲಿಸುವ ಕಾವಲು ಪ್ರೋಗ್ರಾಮುಗಳುಂಟು. ಯಂತ್ರವೆದ್ದೊಡನೆ ಗಂಟೆಗಳೇ ಕಳೆದಂತೆ ಕಂಡುದರಿಂದ, ಅವು ನಿರ್ದೋಷಿಗಳನ್ನೂ ನಿಲ್ಲಿಸಿದುವು. ಮಲಗಿದ್ದವನನ್ನು ಸತ್ತವನೆಂದು ಬಗೆದಂತಾಯಿತು! ಕೆಲವೇ ವಾರಗಳಲ್ಲಿ ಆ ಮಾರ್ಪಾಡನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಇದರಿಂದ ಸಿದ್ಧವಾಗುವುದೇನೆಂದರೆ, 'ಎಷ್ಟು ಕಾಲ ಕಳೆಯಿತು' ಎಂಬ ಪ್ರಶ್ನೆಯೇ ದ್ವ್ಯರ್ಥಿಯಾದುದು. ಲೋಕದಲ್ಲಿ ಕಳೆದುದು ಒಂದು, ಎಚ್ಚರದಲ್ಲಿ ಕಳೆದುದು ಮತ್ತೊಂದು. ಅರ್ಥಭೇದವಿರುವಲ್ಲಿ ಶಬ್ದಭೇದವನ್ನುಳಿಸಿಕೊಳ್ಳುವುದೇ ಕ್ಷೇಮವೆಂಬ ನ್ಯಾಯವು ಯಂತ್ರಕ್ಕೂ ತಪ್ಪಿದ್ದಲ್ಲ.