ಐರನ್ ಮೇಡನ್: ಬಂದವರು, ಹೋದವರು, ಮರಳಿ ಬಂದವರು

1999ರ ಆರಂಭದಲ್ಲಿ ಲಂಡನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್‌ಗೆ ಒಂದು ಸಂತೋಷದ ಇಕ್ಕಟ್ಟು ಎದುರಾಯಿತು. 1993ರಲ್ಲಿ ತಂಡ ತೊರೆದಿದ್ದ ಗಾಯಕ ಬ್ರೂಸ್ ಡಿಕಿನ್ಸನ್ ವಾಪಸಾಗಲು ಒಪ್ಪಿದ್ದರು. ಅವರಿಗಿಂತ ಮೂರು ವರ್ಷ ಮೊದಲೇ ಹೊರನಡೆದಿದ್ದ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಕೂಡ ಜೊತೆಗೆ ಬರುವವರಿದ್ದರು. ಹಾಗಾದರೆ ಸ್ಮಿತ್ ಬಿಟ್ಟ ಜಾಗದಲ್ಲಿ ಒಂಬತ್ತು ವರ್ಷ ನುಡಿಸಿದ್ದ ಯಾನಿಕ್ ಗೇರ್ಸ್ ಎಲ್ಲಿಗೆ ಹೋಗಬೇಕು? ರಾಕ್ ತಂಡಗಳ ರೂಢಿಯಂತೆ ಅವರ ಕೈ ಕುಲುಕಿ ಬೀಳ್ಕೊಡಬೇಕಿತ್ತು. ತಂಡ ಹಾಗೆ ಮಾಡಲಿಲ್ಲ. ಇಬ್ಬರಿದ್ದ ಗಿಟಾರ್ ಸಾಲಿನಲ್ಲಿ ಮೂವರು ನಿಂತರು, ಇಂದಿಗೂ ನಿಂತಿದ್ದಾರೆ. ಈ ತಂಡದ ಅರ್ಧ ಶತಮಾನದ ಬಾಳಿಕೆಗೆ ಕಾರಣ ಹುಡುಕುವವರು ಮೊದಲು ನೋಡಬೇಕಾದದ್ದು ಈ ತೀರ್ಮಾನವನ್ನೇ ಎಂದು ನನಗನಿಸುತ್ತದೆ.

ತಂಡ ಹುಟ್ಟಿದ್ದು 1975ರ ಕ್ರಿಸ್‌ಮಸ್ ದಿನ, ಪೂರ್ವ ಲಂಡನ್ನಿನಲ್ಲಿ. ಕಟ್ಟಿದವರು ಸ್ಟೀವ್ ಹ್ಯಾರಿಸ್. ಆಗ ಅವರಿಗೆ ಹತ್ತೊಂಬತ್ತು. ನಕ್ಷೆ ಬರೆಯುವ ಕೆಲಸ ಮಾಡಿದ್ದವರು, ವೆಸ್ಟ್ ಹ್ಯಾಮ್ ಫುಟ್‌ಬಾಲ್ ಕ್ಲಬ್ಬಿನ ಕಿರಿಯರ ತಂಡದಲ್ಲಿ ತರಬೇತಿ ಪಡೆದಿದ್ದವರು. ಅವರ ಕೈಯಲ್ಲಿದ್ದದ್ದು ಬೇಸ್ ಗಿಟಾರ್. ಬಹಳಷ್ಟು ರಾಕ್ ತಂಡಗಳಲ್ಲಿ ಬೇಸ್ ಹಿಂದೆ ನಿಂತು ಶ್ರುತಿಗೂ ಲಯಕ್ಕೂ ಆಧಾರ ಕೊಡುವ ವಾದ್ಯ. ಹ್ಯಾರಿಸ್ ಅದನ್ನು ಮುಂದಕ್ಕೆ ತಂದರು. ಮೀಟುಗೋಲು ಹಿಡಿಯದೆ ಬರಿಯ ಬೆರಳುಗಳಿಂದ, ಒಂದು ದೀರ್ಘ, ಎರಡು ಹ್ರಸ್ವ, ‘ತಾ-ತಕ ತಾ-ತಕ’ ಎಂದು ಓಡುವ ನಡೆಯೊಂದನ್ನು ರೂಢಿಸಿಕೊಂಡರು. ‘ರನ್ ಟು ದ ಹಿಲ್ಸ್’ ಅಥವಾ ‘ದ ಟ್ರೂಪರ್’ ಕೇಳಿದವರಿಗೆ ಈ ನಾಗಾಲೋಟ ಕೂಡಲೇ ಗೊತ್ತಾಗುತ್ತದೆ. ಹೆಚ್ಚಿನ ಹಾಡುಗಳನ್ನು ಬರೆದವರೂ ಅವರೇ. ಸದಸ್ಯರು ಬದಲಾದಂತೆಲ್ಲ ತಂಡದ ಧ್ವನಿ ಬದಲಾದರೂ ನಡಿಗೆ ಬದಲಾಗದಿರುವುದು ಇದರಿಂದಲೇ.

ಮೊದಲ ನಾಲ್ಕು ವರ್ಷ ಜನ ಬಂದರು, ಹೋದರು. ಮೊದಲ ಗಾಯಕ ಪಾಲ್ ಡೇ ಹೆಚ್ಚು ಕಾಲ ಉಳಿಯಲಿಲ್ಲ. ಎರಡನೆಯವರಾದ ಡೆನಿಸ್ ವಿಲ್‌ಕಾಕ್ ಬಾಯಿಂದ ನಕಲಿ ರಕ್ತ ಸುರಿಸುತ್ತ ಹಾಡುತ್ತಿದ್ದರು. ಗಿಟಾರ್ ವಾದಕ ಡೇವ್ ಮರ್ರಿ 1976ರ ಕೊನೆಗೆ ಸೇರಿ, ವಿಲ್‌ಕಾಕ್ ಜೊತೆಗಿನ ಜಗಳದಿಂದ 1977ರಲ್ಲಿ ಹೊರಬಿದ್ದರು. ಗೆಳೆಯ ಏಡ್ರಿಯನ್ ಸ್ಮಿತ್ ಅವರ ‘ಅರ್ಚಿನ್’ ತಂಡದಲ್ಲಿ ಕೆಲಕಾಲ ನುಡಿಸಿ 1978ರಲ್ಲಿ ಮರಳಿದರು. ಅಲ್ಲಿಂದಾಚೆ ಮರ್ರಿ ಕದಲಿಲ್ಲ. ಹ್ಯಾರಿಸ್ ಬಿಟ್ಟರೆ ಎಲ್ಲ ಆಲ್ಬಮ್‌ಗಳಲ್ಲೂ ಇರುವವರು ಅವರೊಬ್ಬರೇ. ಅಂದರೆ, ಹೋದವರು ಮರಳಿ ಬರುವ ಪದ್ಧತಿ ಈ ತಂಡಕ್ಕೆ ಹೆಸರು ಬರುವ ಮೊದಲೇ ಶುರುವಾಗಿತ್ತು.

1978ರ ಕೊನೆಯ ದಿನ ಕೇಂಬ್ರಿಡ್ಜ್‌ನ ಸ್ಪೇಸ್‌ವರ್ಡ್ ಸ್ಟುಡಿಯೋದಲ್ಲಿ ನಾಲ್ಕು ಹಾಡು ಮುದ್ರಿಸಿಕೊಂಡರು. ಉತ್ತರ ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನೀಲ್ ಕೇ ಎಂಬ ಡಿಜೆ ಹೆವಿ ಮೆಟಲ್‌ಗೆಂದೇ ಒಂದು ಡಿಸ್ಕೋ ನಡೆಸುತ್ತಿದ್ದರು. ಆ ಮುದ್ರಣ ಅಲ್ಲಿ ಮೊಳಗಿ ಊರಿಡೀ ಸುದ್ದಿಯಾಯಿತು. ನಾಲ್ಕರಲ್ಲಿ ಮೂರನ್ನು 1979ರ ನವೆಂಬರಿನಲ್ಲಿ ‘ದ ಸೌಂಡ್‌ಹೌಸ್ ಟೇಪ್ಸ್’ ಎಂದು ತಾವೇ ಹೊರತಂದರು. ಅಚ್ಚಾದದ್ದು 5,000 ಪ್ರತಿ. ವರ್ಷ ಮುಗಿಯುವ ಮೊದಲು ಇಎಂಐ ಕಂಪನಿಯ ಒಪ್ಪಂದ ಕೈಗೆ ಬಂದಿತ್ತು. 1980ರ ಏಪ್ರಿಲ್‌ನಲ್ಲಿ ಬಂದ ಮೊದಲ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಅದರ ಹೊದಿಕೆಯಲ್ಲಿ ಡೆರೆಕ್ ರಿಗ್ಸ್ ಬರೆದ ಕೆದರಿದ ಕೂದಲಿನ ಶವಮುಖಿ ‘ಎಡ್ಡಿ’ ಇದ್ದ. ಯಾರು ಬಿಟ್ಟುಹೋದರೂ ಹೊದಿಕೆಯ ಮೇಲೆ ಎಡ್ಡಿ ತಪ್ಪಲಿಲ್ಲ.

ಆ ಆಲ್ಬಮ್‌ನ ಗಾಯಕ ಪಾಲ್ ಡಿಯಾನೊ. ಒರಟು ಕಂಠ, ಬೀದಿಯ ಗತ್ತು. ಪಂಕ್ ಸಂಗೀತದ ಕಿಡಿ ಇನ್ನೂ ಆರದಿದ್ದ ಲಂಡನ್ನಿಗೆ ಹೇಳಿ ಮಾಡಿಸಿದ ದನಿ. ಡ್ರಮ್ಸ್‌ನಲ್ಲಿ ಕ್ಲೈವ್ ಬರ್. ಅದೇ ವರ್ಷ ಗಿಟಾರ್ ವಾದಕ ಡೆನಿಸ್ ಸ್ಟ್ರಾಟನ್ ಹೋಗಿ ಏಡ್ರಿಯನ್ ಸ್ಮಿತ್ ಬಂದರು. 1981ರಲ್ಲಿ ‘ಕಿಲ್ಲರ್ಸ್’ ಬಂತು. ಊರಿಂದೂರಿಗೆ ಅಲೆಯುವ ಬದುಕು ಮತ್ತು ಮಾದಕವಸ್ತುಗಳ ನಡುವೆ ಡಿಯಾನೊ ಕುಸಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಅವರನ್ನು ಬಿಡಲಾಯಿತು.

ಬದಲಿಗೆ ಬಂದವರು ‘ಸ್ಯಾಮ್ಸನ್’ ತಂಡದಲ್ಲಿ ಹಾಡುತ್ತಿದ್ದ ಬ್ರೂಸ್ ಡಿಕಿನ್ಸನ್. ತಾರಸ್ಥಾಯಿಯಲ್ಲಿ ದೀರ್ಘವಾಗಿ ನಿಲ್ಲಬಲ್ಲ ಈ ಕಂಠ ಬಂದದ್ದೇ ಹ್ಯಾರಿಸ್ ಬರವಣಿಗೆಯ ಅಳತೆಯೇ ಹಿಗ್ಗಿತು. 1982ರ ‘ದ ನಂಬರ್ ಆಫ್ ದ ಬೀಸ್ಟ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಸ್ಯಾಮ್ಸನ್ ಕಾಲದ ಒಪ್ಪಂದದ ತೊಡಕಿನಿಂದ, ಆ ಆಲ್ಬಮ್‌ನ ಗೀತಕಾರರ ಪಟ್ಟಿಯಲ್ಲಿ ಡಿಕಿನ್ಸನ್ ಹೆಸರು ಬರುವಂತಿರಲಿಲ್ಲ. ವರ್ಷದ ಕೊನೆಗೆ ಕ್ಲೈವ್ ಬರ್ ಹೊರಬಿದ್ದರು, ‘ಟ್ರಸ್ಟ್’ ಎಂಬ ಫ್ರೆಂಚ್ ತಂಡದಿಂದ ನಿಕೊ ಮೆಕ್‌ಬ್ರೇನ್ ಬಂದರು. 1983ರ ‘ಪೀಸ್ ಆಫ್ ಮೈಂಡ್’ ತೆರೆದುಕೊಳ್ಳುವುದೇ ಮೆಕ್‌ಬ್ರೇನ್ ಅವರ ಡ್ರಮ್ಸ್ ಉರುಳಿಕೆಯಿಂದ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಇರಲಾರದು. ಮೆಟಲ್ ಡ್ರಮ್ಮರ್‌ಗಳು ಎರಡು ಪೆಡಲ್ ತುಳಿಯುವುದೇ ಸಾಮಾನ್ಯವಾದ ಕಾಲದಲ್ಲೂ ಅವರು ಒಂದೇ ಪೆಡಲ್‌ನಲ್ಲಿ, ಒಂದೇ ಕಾಲಿನಲ್ಲಿ ಆ ವೇಗ ಸಾಧಿಸಿದರು.

ಈ ಐವರ ಕಾಲವನ್ನೇ ಹಲವರು ಸುವರ್ಣಯುಗ ಎನ್ನುತ್ತಾರೆ, ನನಗೂ ತಕರಾರಿಲ್ಲ. 1984ರ ‘ಪವರ್‌ಸ್ಲೇವ್’ನಲ್ಲಿ ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥೆ ಹದಿಮೂರು ನಿಮಿಷ ಮೀರಿದ ಹಾಡಾಯಿತು. ಆ ಆಗಸ್ಟಿನಲ್ಲಿ ಪೋಲೆಂಡಿನಿಂದ ಹೊರಟ ಪ್ರವಾಸ ಮುಂದಿನ ಬೇಸಿಗೆಯವರೆಗೆ ನಡೆಯಿತು. ದಣಿವಿನ ಬೆಲೆ ಆಮೇಲೆ ಕಂಡಿತು. ಸ್ಟುಡಿಯೋದಲ್ಲಿ ನಯಗೊಳಿಸಿದ ಧ್ವನಿ ಸ್ಮಿತ್‌ಗೆ ಇಷ್ಟ, ಹ್ಯಾರಿಸ್‌ಗೆ ಹಸಿಹಸಿ ಗಡಸುತನ ಬೇಕಿತ್ತು. 1990ರಲ್ಲಿ ಸ್ಮಿತ್ ಹೊರಟರು, ಗೇರ್ಸ್ ಬಂದರು. ಮೂರು ವರ್ಷದ ನಂತರ ಡಿಕಿನ್ಸನ್ ಕೂಡ ಹೊರಟರು.

‘ವುಲ್ಫ್ಸ್‌ಬೇನ್’ ತಂಡದಿಂದ ಬಂದ ಬ್ಲೇಜ್ ಬೇಯ್ಲಿಯ ಐದು ವರ್ಷಗಳನ್ನು ಅಭಿಮಾನಿಗಳು ಸರಸರನೆ ದಾಟಿಬಿಡುತ್ತಾರೆ. ಅದು ಅನ್ಯಾಯ. ಬೇಯ್ಲಿ ಅವರದು ತಗ್ಗಿದ, ಭಾರವಾದ ದನಿ. ಡಿಕಿನ್ಸನ್ ಕಂಠಕ್ಕೆಂದು ಹೊಸೆದ ಹಳೆಯ ಹಾಡುಗಳ ಶ್ರುತಿಯನ್ನು ಅವರಿಗಾಗಿ ಇಳಿಸಲಿಲ್ಲ. ರಾತ್ರಿಯಿಂದ ರಾತ್ರಿಗೆ ತಮ್ಮದಲ್ಲದ ಎತ್ತರದಲ್ಲಿ ಹಾಡಬೇಕಾಯಿತು, ಗಂಟಲು ಕೈಕೊಟ್ಟು ಕಾರ್ಯಕ್ರಮಗಳು ರದ್ದಾದವು. ಆದರೆ ಅವರ ದನಿಗೇ ಹೊಂದಿದ ‘ದ ಎಕ್ಸ್ ಫ್ಯಾಕ್ಟರ್’ (1995) ತಂಡದ ಅತ್ಯಂತ ಕತ್ತಲ, ಅಂತರ್ಮುಖಿ ಆಲ್ಬಮ್. ಅದರ ‘ಸೈನ್ ಆಫ್ ದ ಕ್ರಾಸ್’ ಮತ್ತು 1998ರ ‘ದ ಕ್ಲಾನ್ಸ್‌ಮನ್’ ಹಾಡುಗಳನ್ನು ಡಿಕಿನ್ಸನ್ ಮರಳಿದ ಮೇಲೂ ತಂಡ ಕೈಬಿಡಲಿಲ್ಲ. 2001ರಲ್ಲಿ ರಿಯೋ ಡಿ ಜನೈರೊದಲ್ಲಿ ದೊಡ್ಡ ಜನಸಾಗರದೆದುರು ಎರಡನ್ನೂ ಡಿಕಿನ್ಸನ್ ಹಾಡಿದರು. ಆ ಧ್ವನಿಮುದ್ರಣ ಕೇಳಿದರೆ ಬೇಯ್ಲಿ ಕಾಲದ ಹಾಡುಗಳ ತೂಕ ತಿಳಿಯುತ್ತದೆ.

ಮೂರು ಗಿಟಾರ್ ಎಂದರೆ ಗದ್ದಲ ಎಂಬ ಅಂಜಿಕೆ 2000ದ ‘ಬ್ರೇವ್ ನ್ಯೂ ವರ್ಲ್ಡ್’ನೊಂದಿಗೆ ಹೋಯಿತು. ಮರ್ರಿಯವರದು ಜಾರುತ್ತ ಹರಿಯುವ ಕೈ. ಸ್ಮಿತ್ ಒಂದೊಂದು ಸ್ವರವನ್ನೂ ಯೋಚಿಸಿ ಇಡುವವರು. ಗೇರ್ಸ್ ಏನು ಮಾಡುತ್ತಾರೆಂದು ಮುಂಚಿತವಾಗಿ ಹೇಳಲಾಗದು. ಇಬ್ಬರು ಜೋಡಿಯಾಗಿ ರಾಗ ಹೆಣೆಯುವಾಗ ಮೂರನೆಯವರು ಕೆಳಗೆ ಲಯ ಹಿಡಿದಿರುತ್ತಾರೆ, ಒಮ್ಮೊಮ್ಮೆ ಮೂವರೂ ಸೇರಿ ಮೂರು ಎಳೆಯಾಗುತ್ತಾರೆ. ಹಾಡುಗಳು ಉದ್ದವಾದವು. ಕೆಲವು ಅತಿಯಾಗಿಯೇ ಉದ್ದ ಎನ್ನದೆ ವಿಧಿಯಿಲ್ಲ.

ಈ ಆರು ಜನರ ಮೇಳವೇ ಬೆಂಗಳೂರಿಗೂ ಬಂದದ್ದು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ನಡೆದದ್ದು ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ. ದೆಹಲಿಯ ‘ಪರಿಕ್ರಮ’ ತಂಡ ಅಂದು ಮೊದಲಿಗೆ ನುಡಿಸಿತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಿಸಿಕೊಂಡು ಈ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡ ಒಂದು ತಲೆಮಾರಿಗೆ ಅದು ಬಹಳ ತಡವಾಗಿ ಬಂದ ಹಬ್ಬ. ಮರುವರ್ಷ ಫೆಬ್ರವರಿ 1ರಂದು ಮುಂಬೈಯಿಂದ ಹೊಸ ವಿಶ್ವಪ್ರವಾಸ ಆರಂಭವಾಯಿತು. ತಂಡ, ಸಿಬ್ಬಂದಿ, ವಾದ್ಯ, ರಂಗಸಜ್ಜಿಕೆ ಎಲ್ಲವನ್ನೂ ಹೊತ್ತ ಬೋಯಿಂಗ್ 757 ವಿಮಾನದ ಪೈಲಟ್ ಬೇರಾರೂ ಅಲ್ಲ, ಡಿಕಿನ್ಸನ್. 2009ರ ಫೆಬ್ರವರಿ 15ರಂದು ಅದೇ ಪ್ರವಾಸ ಮತ್ತೆ ಅರಮನೆ ಮೈದಾನಕ್ಕೆ ಬಂತು.

ಬಿಟ್ಟುಹೋದವರ ಮಾತು ಇಲ್ಲಿ ಹೇಳಲೇಬೇಕು. ಕ್ಲೈವ್ ಬರ್ ಅವರಿಗೆ ನರಮಂಡಲವನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದಾಗ, ಅವರನ್ನು ಹೊರಗಿಟ್ಟಿದ್ದ ಅದೇ ತಂಡ ಅವರ ಹೆಸರಿನಲ್ಲಿ ನಿಧಿ ತೆರೆದು ಸಹಾಯಾರ್ಥ ಕಾರ್ಯಕ್ರಮಗಳನ್ನು ಕೊಟ್ಟಿತು. ಬರ್ 2013ರಲ್ಲಿ ತೀರಿಕೊಂಡರು. ಗಾಲಿಕುರ್ಚಿಗೆ ಬಂದಿದ್ದ ಡಿಯಾನೊರನ್ನು ಹ್ಯಾರಿಸ್ 2022ರಲ್ಲಿ ಝಾಗ್ರೆಬ್‌ನಲ್ಲಿ ಭೇಟಿಯಾದರು. 2024ರ ಅಕ್ಟೋಬರಿನಲ್ಲಿ ಡಿಯಾನೊ ಕೂಡ ಇಲ್ಲವಾದರು.

2023ರ ಜನವರಿಯಲ್ಲಿ ಮೆಕ್‌ಬ್ರೇನ್ ಅವರಿಗೆ ಪಾರ್ಶ್ವವಾಯು ಬಡಿದು ಬಲಭಾಗ ಸ್ವಾಧೀನ ತಪ್ಪಿತು. ಎಪ್ಪತ್ತು ದಾಟಿದ್ದ ಅವರು ಆ ಮೇ ತಿಂಗಳಿಗೆಲ್ಲ ಡ್ರಮ್ಸ್ ಹಿಂದೆ ಕೂತಿದ್ದರು! ಆದರೆ ಹಳೆಯ ವೇಗ ಪೂರ್ತಿ ಮರಳಲಿಲ್ಲ. 2024ರ ಡಿಸೆಂಬರ್ 7ರಂದು ಸಾವೊ ಪೌಲೊದಲ್ಲಿ ನುಡಿಸಿ, ನಲವತ್ತೆರಡು ವರ್ಷಗಳ ಪ್ರವಾಸಕ್ಕೆ ವಿದಾಯ ಹೇಳಿದರು.

ಅವರ ಜಾಗಕ್ಕೆ ಬಂದವರು ಹ್ಯಾರಿಸ್ ಅವರ ಇನ್ನೊಂದು ತಂಡ ‘ಬ್ರಿಟಿಷ್ ಲಯನ್’ನ ಡ್ರಮ್ಮರ್ ಸೈಮನ್ ಡಾಸನ್. 2025ರ ಮೇ 27ರಂದು ಬುಡಾಪೆಸ್ಟ್‌ನಲ್ಲಿ ಅವರ ಮೊದಲ ಪ್ರದರ್ಶನ. ತಂಡದ ಐವತ್ತನೆಯ ವರ್ಷಕ್ಕೆಂದು ಮೊದಲ ಒಂಬತ್ತು ಆಲ್ಬಮ್‌ಗಳಿಂದಷ್ಟೇ ಹಾಡು ಆರಿಸಲಾಗಿತ್ತು. ಆರಂಭದ ನಾಲ್ಕೂ ಹಾಡುಗಳು ಡಿಯಾನೊ ಹಾಡಿದ್ದವು, ಕ್ಲೈವ್ ಬರ್ ನುಡಿಸಿದ್ದವು. ಮೆಕ್‌ಬ್ರೇನ್ ಕಾಲದ ಮೊದಲ ಹಾಡು ಬಂದದ್ದು ಆರನೆಯದಾಗಿ.