ಬದುವಿನ ಜಗಳಕ್ಕೆ ಕೋರ್ಟೇ ಯಾಕೆ?

ಸೊರಬ, ಸಾಗರದ ಕಡೆ ಅಡಿಕೆ ತೋಟಗಳ ಬೇಲಿಯಲ್ಲಿ ಒಂದು ಬೋರ್ಡು ಕಾಣುತ್ತದೆ: ‘ಶ್ರೀ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ’. ಗೊನೆ ಕದಿಯಲು ಬಂದವನಿಗೆ ಪೊಲೀಸರಿಗಿಂತ ಈ ಬೋರ್ಡಿನ ಭಯವೇ ಹೆಚ್ಚು. ಆದರೆ ಅದೇ ಬೇಲಿಯನ್ನು ಪಕ್ಕದ ತೋಟದ ಅಣ್ಣನೋ ತಮ್ಮನೋ ಎರಡು ಮೊಳ ಈಚೆಗೆ ಸರಿಸಿದಾಗ ದೇವಿಯ ಹೆಸರಿಗೆ ಯಾರೂ ಅಂಜುವುದಿಲ್ಲ. ತಾಲ್ಲೂಕು ಕಚೇರಿಗೆ ಹದ್ದುಬಸ್ತಿನ ಅರ್ಜಿ, ಠಾಣೆಗೆ ದೂರು, ಕೊನೆಗೆ ವಕಾಲತ್ತಿಗೆ ಸಹಿ.

ಶಿಕಾರಿಪುರ, ಸೊರಬ ಎರಡೂ ಬೇಸಾಯವನ್ನೇ ನಂಬಿದ ತಾಲ್ಲೂಕುಗಳು. ಭತ್ತ, ಮೆಕ್ಕೆಜೋಳ ಬೆಳೆಯುತ್ತಿದ್ದ ಜಾಗಕ್ಕೆ ಅಡಿಕೆ ಕಾಲಿಟ್ಟ ಮೇಲೆ ಗುಂಟೆ ಗುಂಟೆಗೂ ಬೆಲೆ ಬಂದಿದೆ, ಜತೆಗೆ ಜಗಳವೂ. ಬಂಡಿದಾರಿ, ಕಾಲುವೆ ನೀರಿನ ಸರದಿ, ಪಾಲಿನ ಕೊಳವೆಬಾವಿ, ಅಜ್ಜನ ಹೆಸರಿನಲ್ಲೇ ಉಳಿದುಹೋದ ಪಹಣಿ, ವ್ಯಾಪಾರಿ ಕೊಟ್ಟ ಬೌನ್ಸ್ ಆದ ಚೆಕ್ಕು.

ಇವುಗಳಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಪಾಲಿನ ದಾವೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ಕೇಂದ್ರ ತಿದ್ದುಪಡಿ ಹೇಳಿತು. ಕರ್ನಾಟಕ 1994ರಲ್ಲೇ ಈ ದಾರಿಯಲ್ಲಿ ಹೆಜ್ಜೆ ಇಟ್ಟಿತ್ತು. ಈ ಪಾಲು ಸಿಗಲು 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹಕ್ಕೇನೋ ಗಟ್ಟಿಯಾಯಿತು. ಆದರೆ ತಂಗಿ ದಾವೆ ಹೂಡಿದ ದಿನದಿಂದ ತವರಿನ ಹಬ್ಬಕ್ಕೆ ಕರೆ ಬರುವುದಿಲ್ಲ. ಗೆದ್ದರೂ ಮೊದಲು ಕೈಗೆ ಸಿಗುವುದು ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಪಾಲು ಎಂಬ ಲೆಕ್ಕ. ಯಾವ ಮಗ್ಗುಲಿನ ಜಮೀನು ಯಾರಿಗೆ ಎನ್ನಲು ಅಂತಿಮ ಡಿಕ್ರಿಯ ನಡಾವಳಿ ಬೇರೆ ಇದೆ. ಕಂದಾಯ ಕಟ್ಟುವ ಜಮೀನಾದರೆ ಅಳತೆ, ವಿಂಗಡಣೆಗೆ ಜಿಲ್ಲಾಧಿಕಾರಿಯ ಕಚೇರಿಗೆ ಹೋಗಬೇಕು. ನಡುವೆ ಅಪೀಲು. ದಾವೆ ಹೂಡಿದವರು ತೀರಿಕೊಂಡು ಅವರ ವಾರಸುದಾರರ ಹೆಸರು ಸೇರಿಸುವ ಅರ್ಜಿ ಬೀಳುವುದು ಯಾವ ಕೋರ್ಟಿನಲ್ಲೂ ಅಪರೂಪವಲ್ಲ.

ನ್ಯಾಯಾಧೀಶರು ನಾಲ್ಕರಲ್ಲೊಂದು ಪಾಲು ಎನ್ನಬಲ್ಲರು. ‘ತೋಟ ಅಣ್ಣನಿಗಿರಲಿ, ರಸ್ತೆ ಬದಿಯ ಜಾಗ ಅಕ್ಕನಿಗೆ, ಉಳಿದದ್ದಕ್ಕೆ ಮೂರು ಕೊಯ್ಲಿನಲ್ಲಿ ದುಡ್ಡು, ಅವ್ವ ಇರೋವರೆಗೂ ಮನೆ ಅವಳದ್ದೇ’ ಎಂದು ತೀರ್ಪು ಬರೆಯುವುದು ಅವರಿಂದಾಗದು. ಮಧ್ಯಸ್ಥಿಕೆಯಲ್ಲಿ ಅದು ಸಾಧ್ಯ.

ವಿಧಾನ ಸರಳ. ಕೇಸನ್ನು ಮಧ್ಯಸ್ಥಿಕೆಗೆ ಕಳುಹಿಸಲು ಕೋರ್ಟಿಗೆ ಅವಕಾಶ ಕೊಡುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು 2002ರ ಜುಲೈ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಶುರುವಾಯಿತು. ತರಬೇತಿ ಪಡೆದ ಮಧ್ಯಸ್ಥಗಾರರು ಎರಡೂ ಕಡೆಯವರನ್ನು ಒಟ್ಟಿಗೆ, ಬೇಕಾದರೆ ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟು, ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಒಪ್ಪಿಗೆಯಾಗದಿದ್ದರೆ ಕೇಸು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಒಪ್ಪಿಗೆಯಾದರೆ ಕೋರ್ಟು ಅದರಂತೆ ಡಿಕ್ರಿ ಮಾಡುತ್ತದೆ. ಒಪ್ಪಿಗೆಯ ಡಿಕ್ರಿಯ ಮೇಲೆ ಅಪೀಲು ಇಲ್ಲ, ಜಗಳ ಅಲ್ಲಿಗೇ ಮುಗಿಯಿತು.

ನಮ್ಮ ಜನಕ್ಕೆ ಇದು ಹೊಸದೇನಲ್ಲ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ದೂರು ಹೇಳಿ ನ್ಯಾಯ ಕೇಳುವ ‘ಹೊಯ್ಲು’ ಇಂದಿಗೂ ನಡೆಯುತ್ತದೆ. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಸೋಮವಾರ ವ್ಯಾಜ್ಯ ಹೊತ್ತ ಜನ ಸೇರುತ್ತಾರೆ. ಊರ ಕಟ್ಟೆಯ ಪಂಚಾಯ್ತಿಕೆಯಂತೂ ಇದ್ದೇ ಇತ್ತು. ಆದರೆ ಕಟ್ಟೆಯ ಮೇಲೆ ತೀರ್ಮಾನ ಹೇಳುತ್ತಿದ್ದವರು ಗೌಡರು, ಪಟೇಲರು. ದಂಡವನ್ನೂ ಅವರೇ ಹಾಕುತ್ತಿದ್ದರು. ಹೆಂಗಸರು, ಕೆಳಜಾತಿಯವರು ದೂರ ನಿಂತೇ ಕೇಳಬೇಕಿತ್ತು. ಮಧ್ಯಸ್ಥಗಾರರಿಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ಈ ವ್ಯತ್ಯಾಸ ಚಿಕ್ಕದಲ್ಲ.

ಹಾಗಂತ ಎಲ್ಲ ವ್ಯಾಜ್ಯಕ್ಕೂ ಇದು ಮದ್ದಲ್ಲ. ನಮೂನೆ 50, 53, 57ರಲ್ಲಿ ಬಗರ್‌ಹುಕುಂ ಅರ್ಜಿ ಹಾಕಿ ಕಾದು ಕೂತವರ ಹಕ್ಕು ಸರ್ಕಾರದ ಸಮಿತಿಯ ಮುಂದೆ ತೀರ್ಮಾನವಾಗಬೇಕು. ಗಂಭೀರ ಅಪರಾಧಗಳಲ್ಲಿ ರಾಜಿಯ ಮಾತೇ ಇಲ್ಲ. ಹೊಡೆತ ತಿಂದು ತವರಿಗೆ ಬಂದ ಹೆಣ್ಣಿಗೆ ‘ಹೊಂದಿಕೊಂಡು ಹೋಗು’ ಎನ್ನುವುದನ್ನು ಮಧ್ಯಸ್ಥಿಕೆ ಎಂದು ಕರೆಯಲೂಬಾರದು.

2023ರಲ್ಲಿ ಸಂಸತ್ತು ಮಧ್ಯಸ್ಥಿಕೆಗೆಂದೇ ಕಾಯ್ದೆ ಮಾಡಿತು. ಕೆಲವು ಕಲಮುಗಳು ಆ ವರ್ಷದ ಅಕ್ಟೋಬರ್ 9ರಿಂದ ಜಾರಿಯಾದವು. 120 ದಿನದಲ್ಲಿ ಮುಗಿಸಬೇಕು, ಒಪ್ಪಿದರೆ ಇನ್ನೂ 60 ದಿನ ಎಂಬುದು ಅದರ ಮಿತಿ. 2025ರ ಜುಲೈ 1ರಿಂದ ತಾಲ್ಲೂಕು ಕೋರ್ಟಿನಿಂದ ಹೈಕೋರ್ಟಿನವರೆಗೆ 90 ದಿನಗಳ ದೇಶವ್ಯಾಪಿ ಮಧ್ಯಸ್ಥಿಕೆ ಅಭಿಯಾನ ನಡೆಯಿತು. ಪಾಲು, ಚೆಕ್ಕು, ಅಪಘಾತ ಪರಿಹಾರ, ಗಂಡ-ಹೆಂಡಿರ ವ್ಯಾಜ್ಯ ಎಲ್ಲ ಅದರ ಪಟ್ಟಿಯಲ್ಲಿದ್ದವು. ಅಡ್ಡಿ ಇರುವುದು ಬೇರೆ ಕಡೆ: ರಾಜಿ ಎಂದರೆ ಸೋಲು ಎಂದುಕೊಳ್ಳುವ ಹಟ. ಆ ಹಟಕ್ಕೆ ಗಾಳಿ ಹಾಕುವವರು ಕಟ್ಟೆಯ ಮೇಲೂ ಇದ್ದಾರೆ, ಕೋರ್ಟಿನ ಆವರಣದಲ್ಲೂ ಇದ್ದಾರೆ.

ಕೇಸು ಈಗಾಗಲೇ ನಡೆಯುತ್ತಿದ್ದರೆ ಮುಂದಿನ ವಾಯಿದೆಯ ದಿನ ಮಧ್ಯಸ್ಥಿಕೆಗೆ ಕಳುಹಿಸಿ ಎಂದು ವಕೀಲರ ಮೂಲಕ ಕೇಳಬಹುದು. ಇನ್ನೂ ದಾವೆ ಹೂಡಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಲಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಸಹಾಯವಾಣಿಯ ಸಂಖ್ಯೆ 15100.