ಮಕ್ಕಳೊಂದಿಗೆ ಭಟ್ಕಳ, ಹೊನ್ನಾವರ, ಕುಮಟಾ: ಮೂರು ದಿನದ ಬಸದಿ ದರ್ಶನ ಮತ್ತು ಜೊತೆಗಿರಬೇಕಾದ ಪುಸ್ತಕಗಳು

ಶ್ರವಣಬೆಳಗೊಳ, ಮೂಡುಬಿದಿರೆ, ಕಾರ್ಕಳ, ಧರ್ಮಸ್ಥಳ. ನಮ್ಮ ಸಮಾಜದ ಬಹುತೇಕ ಮಕ್ಕಳು ಈ ಕ್ಷೇತ್ರಗಳನ್ನು ಶಾಲೆಗೆ ಸೇರುವ ಮೊದಲೇ ನೋಡಿರುತ್ತಾರೆ. ಅದೇ ಮಕ್ಕಳನ್ನು ಗೇರುಸೊಪ್ಪೆ ಎಲ್ಲಿದೆ ಎಂದು ಕೇಳಿದರೆ, ಜೋಗಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು ಎನ್ನುತ್ತಾರೆ. ಹಾಡುವಳ್ಳಿಯ ಹೆಸರನ್ನು ದೊಡ್ಡವರಲ್ಲೂ ಅನೇಕರು ಕೇಳಿಲ್ಲ. ಒಂದು ಕಾಲದಲ್ಲಿ ಈ ಎರಡೂ ಊರುಗಳು ಜೈನ ಅರಸು ಮನೆತನಗಳ ರಾಜಧಾನಿಗಳಾಗಿದ್ದವು. ಉತ್ತರ ಕನ್ನಡದ ಕರಾವಳಿಯ ಈ ತಾಣಗಳಿಗೆ ಚಿಕ್ಕ ಮಕ್ಕಳೊಂದಿಗೆ ಕಾರಿನಲ್ಲಿ ಹೋಗಿಬರುವುದು ಹೇಗೆ, ಯಾವ ಪುಸ್ತಕ ನೋಡಿಕೊಂಡು ಹೊರಡಬೇಕು ಎಂಬುದನ್ನು ನಮ್ಮ ಅನುಭವದಿಂದ ಇಲ್ಲಿ ತಿಳಿಸುತ್ತಿದ್ದೇವೆ.

ಮೊದಲು ನಮ್ಮದೇ ತಪ್ಪಿನ ಮಾತು. ಮೊದಲ ಸಲ ಹೋದಾಗ ಒಂದೇ ದಿನದಲ್ಲಿ ನಾಲ್ಕು ಸ್ಥಳ ಮುಗಿಸುವ ಲೆಕ್ಕ ಹಾಕಿದ್ದೆವು. ಕೈಯಲ್ಲಿದ್ದ ಪ್ರವಾಸ ಕೈಪಿಡಿಯಲ್ಲಿ ಕಿಲೋಮೀಟರ್ ಬರೆದಿತ್ತು. ಕಾಡಿನೊಳಗೆ ನಡೆಯಬೇಕು ಎಂದು ಬರೆದಿರಲಿಲ್ಲ. ಬಸದಿಯ ಬಳಿ ತಲುಪಿದಾಗ ಬಾಗಿಲಿಗೆ ಬೀಗ. ಹಿಂತಿರುಗಿ ಹೆದ್ದಾರಿಗೆ ಬರುವಷ್ಟರಲ್ಲಿ ಸೂರ್ಯಾಸ್ತವಾಗಿತ್ತು. ಮಕ್ಕಳಿಗೆ ಬಾಳೆಹಣ್ಣು, ಬಿಸ್ಕತ್ತು ಕೊಟ್ಟು ಸಮಾಧಾನ ಮಾಡಿದೆವು. ಆದರೆ ಜೊತೆಗಿದ್ದ ನಮ್ಮ ಅಜ್ಜಿ ರಾತ್ರಿ ನೀರನ್ನೂ ಮುಟ್ಟದವರು. ಬೆಳಗಿನ ಉಪಾಹಾರದ ನಂತರ ಮರುದಿನ ಸೂರ್ಯೋದಯದವರೆಗೆ ಉಪವಾಸವೇ ಇದ್ದರು. ಒಂದು ಮಾತೂ ಆಡಲಿಲ್ಲ. ಆ ಮೌನವೇ ಎರಡನೆಯ ಪ್ರವಾಸವನ್ನು ಸರಿಯಾಗಿ ಯೋಜಿಸುವಂತೆ ಮಾಡಿತು.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿಯವರೆಗೆ ಉತ್ತಮ ಕಾಲ. ಮಳೆಗಾಲದಲ್ಲಿ ಬೇಡ. ಚಾತುರ್ಮಾಸದಲ್ಲಿ ಮುನಿಗಳು ಒಂದೆಡೆ ನಿಲ್ಲುವುದಕ್ಕೆ ಜೀವಹಿಂಸೆ ತಪ್ಪಿಸುವುದೇ ಕಾರಣ. ಈ ಕರಾವಳಿಯಲ್ಲಿ ಶ್ರಾವಕರಿಗೂ ಅದು ಒಪ್ಪುವ ಮಾತು. ಕಾಡಿನ ದಾರಿಯಲ್ಲಿ ಉಂಬಳಗಳು ಕಾಲಿಗೆ ಹತ್ತುತ್ತವೆ, ಉಪ್ಪು ಹಾಕಿದರೆ ಅವು ಸಾಯುತ್ತವೆ. ಆ ಪ್ರಸಂಗವೇ ಬಾರದ ಹಾಗೆ ಒಣ ಕಾಲದಲ್ಲಿ ಹೋಗುವುದು ಒಳ್ಳೆಯದು. ಗುಡ್ಡ ಕುಸಿತದ ಭಯವೂ ಇದೆ. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಹಾನಿಯಾದುದನ್ನು ಯಾರೂ ಮರೆತಿಲ್ಲ.

ಒಂದು ಎಚ್ಚರಿಕೆ: ನವೆಂಬರ್ ಕೊನೆ ಮತ್ತು ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ಆರು ಗಂಟೆಯ ಆಸುಪಾಸಿನಲ್ಲೇ ಸೂರ್ಯಾಸ್ತ. ಸಂಜೆಯ ಊಟ ಐದೂಕಾಲಿಗೆ ಎಂದು ಬರೆದಿಟ್ಟುಕೊಂಡು, ಉಳಿದ ಕಾರ್ಯಕ್ರಮವನ್ನು ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ.

ಯಾವ ಪುಸ್ತಕ

ಎಲ್ಲವನ್ನೂ ಹೇಳುವ ಒಂದೇ ಪುಸ್ತಕವಿಲ್ಲ. ನಾಲ್ಕು ಬಗೆಯವು ಸಿಗುತ್ತವೆ. ಒಂದೊಂದೂ ಒಂದೊಂದು ಕೆಲಸಕ್ಕೆ.

ಸಾಮಾನ್ಯ ಪ್ರವಾಸ ಕೈಪಿಡಿಗಳು: ಗೋಕರ್ಣ, ಮುರುಡೇಶ್ವರ, ಜೋಗಕ್ಕೆ ಪುಟಗಟ್ಟಲೆ ಜಾಗ ಕೊಡುತ್ತವೆ, ಬಸದಿಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ವಸತಿ, ರಸ್ತೆ, ಸಮುದ್ರತೀರದ ವಿವರಗಳಿಗೆ ಮಾತ್ರ ಇವನ್ನು ನೋಡಿ.

ಗೆಝೆಟಿಯರ್‌ಗಳು: ಸೂರ್ಯನಾಥ ಕಾಮತರ ಸಂಪಾದಕತ್ವದ ಉತ್ತರ ಕನ್ನಡ ಜಿಲ್ಲಾ ಗೆಝೆಟಿಯರ್ 1985ರದು. ಸ್ಥಳಗಳ ಅಧ್ಯಾಯವನ್ನು ಓದಿದರೆ ತಂದೆತಾಯಿಯರಿಗೆ ಸಾಕಷ್ಟು ಹಿನ್ನೆಲೆ ಸಿಗುತ್ತದೆ. 1883ರ ಬಾಂಬೆ ಪ್ರೆಸಿಡೆನ್ಸಿ ಗೆಝೆಟಿಯರ್‌ನ 15ನೆಯ ಸಂಪುಟದ ಎರಡನೆಯ ಭಾಗದಲ್ಲಿ ಭಟ್ಕಳ ಮತ್ತು ಗೇರುಸೊಪ್ಪೆಯ ಬಸದಿಗಳ ವಿವರ ಇನ್ನೂ ಸವಿಸ್ತಾರವಾಗಿದೆ. ಇದು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಅದರಲ್ಲಿನ ದಾರಿ, ದೋಣಿ, ದೂರಗಳು ಇಂದಿನವಲ್ಲ.

ತೀರ್ಥಕ್ಷೇತ್ರಗಳ ಕೈಪಿಡಿಗಳು: ಹಿಂದಿಯ ‘ಭಾರತ ಕೇ ದಿಗಂಬರ ಜೈನ ತೀರ್ಥ’ ಮಾಲಿಕೆಯ ಐದನೆಯ ಭಾಗ ಕರ್ನಾಟಕಕ್ಕೆ ಮೀಸಲು. ಮೂಲನಾಯಕ ಯಾರು, ಯಕ್ಷ ಯಕ್ಷಿಯರು ಯಾರು ಎಂಬುದಕ್ಕೆ ಇಂಥವೇ ಬೇಕು. ಯಾವುದೇ ಕೈಪಿಡಿಯಾದರೂ ಅಚ್ಚಾದ ವರ್ಷ ನೋಡಿ, ದೂರವಾಣಿ ಸಂಖ್ಯೆಗಳನ್ನು ನಂಬಿ ಹೊರಡಬೇಡಿ.

ಪ್ರವಾಸಿಗರ ಬರಹಗಳು ಮತ್ತು ಕಾದಂಬರಿ: ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದಾಗ ನಗರ ಆಗಲೇ ಪಾಳುಬೀಳುತ್ತಿತ್ತು. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇದೇ ಕರಾವಳಿಯಲ್ಲಿ ಉತ್ತರಕ್ಕೆ ಸಾಗಿದ. ಕನ್ನಡದಲ್ಲಿ ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಕಾದಂಬರಿಯಿದೆ. ಅದನ್ನು ಕಾದಂಬರಿಯಾಗಿಯೇ ಓದಿ, ಅದರಿಂದ ಎತ್ತಿಕೊಂಡ ಕಥೆಯನ್ನು ರಾತ್ರಿ ಮಕ್ಕಳಿಗೆ ಹೇಳಿ.

ಪುಸ್ತಕವನ್ನು ಕೊಳ್ಳುವ ಮೊದಲು ಪರೀಕ್ಷಿಸಲು ಒಂದು ಸುಲಭ ಉಪಾಯ: ರಾಣಿಯರ ವಿಷಯ ತೆರೆದು ನೋಡಿ. ಪೋರ್ಚುಗೀಸರು 1542ರಲ್ಲಿ ದಾಳಿ ಮಾಡಿದಾಗ ಭಟ್ಕಳದಲ್ಲಿ ಒಬ್ಬ ರಾಣಿ ಆಳುತ್ತಿದ್ದಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606 ಎಂದು ಹೇಳುತ್ತಾರೆ. ಎಷ್ಟೋ ಬರಹಗಳು ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿಬಿಡುತ್ತವೆ. ಇಬ್ಬರನ್ನೂ ಬೇರೆಯಾಗಿ ಕಾಣುವ ಪುಸ್ತಕ ಉಳಿದ ವಿಷಯದಲ್ಲೂ ಹೆಚ್ಚು ನಂಬಿಕೆಗೆ ಅರ್ಹ.

ಮೊದಲ ದಿನ: ಹಾಡುವಳ್ಳಿ ಮತ್ತು ಭಟ್ಕಳ

ಭಟ್ಕಳದಿಂದ ಹಾಡುವಳ್ಳಿಗೆ ಸುಮಾರು 20 ಕಿ.ಮೀ. ಬಿಸಿಲೇರುವ ಮೊದಲೇ ಅಲ್ಲಿರಬೇಕು, ಏಕೆಂದರೆ ಚಂದ್ರಗಿರಿ ಬೆಟ್ಟ ಹತ್ತುವುದಿದೆ. ಊರಿನ ಹೆಸರೇ ಮಕ್ಕಳಿಗೆ ಮೊದಲ ಪಾಠ. ಹಾಡುವಳ್ಳಿಗೆ ಸಂಸ್ಕೃತದಲ್ಲಿ ಸಂಗೀತಪುರ ಎಂದು ಹೆಸರು. ಸಾಳುವ ಅರಸರ ರಾಜಧಾನಿ, ದೊಡ್ಡ ವಿದ್ಯಾಕೇಂದ್ರ. 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಎಂಬ ವ್ಯಾಕರಣ ಬರೆದ ಭಟ್ಟಾಕಳಂಕದೇವ ಇಲ್ಲಿನ ಮಠದ ಅಕಳಂಕದೇವರ ಶಿಷ್ಯ. ಶಾಲೆಯಲ್ಲಿ ವ್ಯಾಕರಣ ಕಷ್ಟ ಎನ್ನುವ ಮಗುವಿಗೆ ಇದನ್ನು ಹೇಳಿ ನೋಡಿ, ಕಣ್ಣರಳಿಸುತ್ತದೆ. ಪದ್ಮಾವತಿ ಬಸದಿಯ ದರ್ಶನ ಮುಗಿಸಿ, ಕಟ್ಟಿಕೊಂಡು ಬಂದ ಬುತ್ತಿ ಅಲ್ಲೇ ಬಿಚ್ಚಬಹುದು.

ಮಧ್ಯಾಹ್ನದ ನಂತರ ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಮತ್ತು ಪಾರ್ಶ್ವನಾಥ ಬಸದಿ. ಇಲ್ಲಿ ಮಕ್ಕಳ ಗಮನವನ್ನು ಮಾಡಿಗೆ ತಿರುಗಿಸಿ. ಕಲ್ಲಿನ ಚಪ್ಪಡಿಗಳನ್ನೇ ಹಂಚಿನಂತೆ ಇಳಿಜಾರಾಗಿ ಹೊದಿಸಿದ್ದಾರೆ. ಮಳೆ ಜೋರಾಗಿ ಹೊಡೆಯುವ ಊರಿನಲ್ಲಿ ಮನೆಯ ಮಾಡು ಹೇಗಿರುತ್ತದೋ ಬಸದಿಯದೂ ಹಾಗೆಯೇ, ವಸ್ತು ಮಾತ್ರ ಕಲ್ಲು. ಅದೇ ಊರಿನ ಕೇತಪೈ ನಾರಾಯಣ ದೇವಸ್ಥಾನದಲ್ಲೂ ಇದೇ ಶೈಲಿ ಕಾಣುತ್ತದೆ. ಬೇರೆ ಬೇರೆ ಮತದವರು ಒಂದೇ ಬಗೆಯ ಶಿಲ್ಪಿಗಳ ಕೈಕೆಲಸವನ್ನು ಮೆಚ್ಚಿದ್ದರು ಎಂದು ಮಕ್ಕಳಿಗೆ ಬಾಯಲ್ಲಿ ಹೇಳುವುದಕ್ಕಿಂತ ಎರಡನ್ನೂ ತೋರಿಸುವುದು ಒಳ್ಳೆಯದು.

ಎರಡನೆಯ ದಿನ: ಗೇರುಸೊಪ್ಪೆ

ಹೊನ್ನಾವರದಿಂದ ಶರಾವತಿಯ ಗುಂಟ ಸುಮಾರು 30 ಕಿ.ಮೀ. ಹಳೆಯ ನಗರವಿದ್ದುದು ನದಿಯ ಆಚೆ ದಡದ ನಗರಬಸ್ತಿಕೇರಿಯಲ್ಲಿ. ಹೆಸರಿನಲ್ಲೇ ನಗರವೂ ಇದೆ, ಬಸ್ತಿಯೂ ಇದೆ. ಈಗ ಸುತ್ತ ಕಾಡು. ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು, ನಡುವೆ ಬೆನ್ನಿಗೆ ಬೆನ್ನು ಮಾಡಿ ಕುಳಿತ ತೀರ್ಥಂಕರರು. 1586ರಲ್ಲಿ ಕಟ್ಟಿಸಿದ ಕಾರ್ಕಳದ ಚತುರ್ಮುಖ ಬಸದಿಯನ್ನು ನೋಡಿದ ಮಕ್ಕಳು ತಾವೇ ಹೋಲಿಸುತ್ತಾರೆ: ಅಲ್ಲಿ ಬಂಡೆಯ ಗುಡ್ಡದ ಮೇಲೆ ಬಯಲು, ಇಲ್ಲಿ ಮರಗಳ ನಡುವೆ ಮೌನ. ಎಂಟನೆಯ ತೀರ್ಥಂಕರ ಚಂದ್ರಪ್ರಭರ ಯಕ್ಷಿಯಾದ ಜ್ವಾಲಾಮಾಲಿನಿ ದೇವಿಯ ಸನ್ನಿಧಿಯೂ ಇಲ್ಲಿದೆ. ಮೊಬೈಲ್ ಸಿಗ್ನಲ್ ಕೈಕೊಡಬಹುದು. ನಕ್ಷೆಯನ್ನು ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ, ಊರಿನವರನ್ನು ಕೇಳಲು ಸಂಕೋಚ ಬೇಡ.

ಚತುರ್ಮುಖ ಬಸದಿಯ ಮೆಟ್ಟಿಲ ಮೇಲೆ ಕುಳಿತು ನಮ್ಮ ಐದು ವರ್ಷದ ಮಗಳು ಕೇಳಿದ್ದು: “ಅಮ್ಮಾ, ಇಲ್ಲಿಯ ಜನ ಎಲ್ಲ ಎಲ್ಲಿ ಹೋದರು?” ಕೈಯಲ್ಲಿದ್ದ ಯಾವ ಪುಸ್ತಕದಲ್ಲೂ ಅದಕ್ಕೆ ಒಂದು ಸಾಲಿನ ಉತ್ತರ ಇರಲಿಲ್ಲ. ಯುದ್ಧವಾಯಿತು, ರಾಣಿ ಸೋತಳು, ವ್ಯಾಪಾರ ಬೇರೆ ಕಡೆ ಹೋಯಿತು, ಜನರೂ ಹೋದರು ಎಂದು ಅವಳಪ್ಪ ಹೇಳಿದರು. ಅಜ್ಜಿ ಮಾತ್ರ, “ಎಲ್ಲಿ ಹೋದರು ಅಂದರೇನು ಕೂಸೇ, ನಾವು ಬಂದಿದ್ದೇವಲ್ಲ” ಎಂದರು. ಐವರೂ ಕುಳಿತು ಣಮೋಕಾರ ಮಂತ್ರ ಹೇಳಿದೆವು. ಇಂಥ ತಾಣಗಳಿಗೆ ಮಕ್ಕಳನ್ನು ಕರೆದೊಯ್ಯುವ ಉದ್ದೇಶ ಇಷ್ಟೇ ಎಂದು ನನಗೆ ಅನಿಸುತ್ತದೆ.

ಮಧ್ಯಾಹ್ನ ಹೊನ್ನಾವರಕ್ಕೆ ಮರಳಿ ಕಾಸರಕೋಡಿಗೆ ಹೋಗಿ. ಶರಾವತಿಯ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ನಡುವೆ ನಡೆದಾಡಲು ಮರದ ಹಾದಿಯಿದೆ. ಅಲ್ಲಿನ ಸಮುದ್ರತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂದಿದೆ. ಐದೂಕಾಲಿಗೆ ಊಟ ಮುಗಿಸಿ, ಬಾಯಿ ತೊಳೆದು, ಮರಳಿನ ಮೇಲೆ ಕುಳಿತರೆ ಸೂರ್ಯಾಸ್ತವನ್ನು ನೆಮ್ಮದಿಯಿಂದ ನೋಡಬಹುದು. ಮೊದಲ ಪ್ರವಾಸದಲ್ಲಿ ನಮ್ಮನ್ನು ಹೆದರಿಸಿದ ಅದೇ ಸೂರ್ಯಾಸ್ತ ಈ ಸಲ ಇಡೀ ಮನೆಗೆ ಸಂತೋಷ ಕೊಟ್ಟಿತು.

ಮೂರನೆಯ ದಿನ: ಮಿರ್ಜಾನ್ ಕೋಟೆ

ಕುಮಟಾದಿಂದ ಉತ್ತರಕ್ಕೆ ಸುಮಾರು 11 ಕಿ.ಮೀ., ಹೆದ್ದಾರಿಗೆ ಹತ್ತಿರದಲ್ಲೇ, ಅಘನಾಶಿನಿ ನದಿಯ ಸಮೀಪ. ಚಿರೆಕಲ್ಲಿನ ಈ ಕೋಟೆಯೊಂದಿಗೆ ಚೆನ್ನಭೈರಾದೇವಿಯ ಹೆಸರು ಬೆಸೆದುಕೊಂಡಿದೆ. ಘಟ್ಟದ ಮೆಣಸು ನದಿಗಳ ಮೂಲಕ ಬಂದರುಗಳಿಗೆ ಇಳಿದು ಸಮುದ್ರದಾಚೆಗೆ ಹೋಗುತ್ತಿತ್ತು. ಪೋರ್ಚುಗೀಸರು ಗೇರುಸೊಪ್ಪೆಯ ರಾಣಿಯನ್ನು ಕರೆದದ್ದೇ ಮೆಣಸಿನ ರಾಣಿ ಎಂದು. ಹೊರಡುವಾಗ ಒಂದು ಹಿಡಿ ಕಾಳುಮೆಣಸು ಚೀಲದಲ್ಲಿರಲಿ. ಕೋಟೆಯ ಮೇಲೆ ಮಗುವಿನ ಅಂಗೈಗೆ ನಾಲ್ಕು ಕಾಳು ಹಾಕಿ, ಇದಕ್ಕಾಗಿ ಹಡಗುಗಳು ಬರುತ್ತಿದ್ದವು ಎಂದರೆ ಇತಿಹಾಸ ತಲೆಗೆ ಹತ್ತುತ್ತದೆ. ಒಳಗೆ ಬಾವಿಗಳಿವೆ, ಗೋಡೆಯ ಅಂಚುಗಳು ಎತ್ತರದಲ್ಲಿವೆ. ಚಿಕ್ಕ ಮಕ್ಕಳ ಕೈ ಬಿಡಲೇಬಾರದು.

ಊಟ, ನೀರು

ಕರಾವಳಿಯ ಪಟ್ಟಣಗಳಲ್ಲಿ ಸಸ್ಯಾಹಾರಿ ಹೋಟೆಲುಗಳು ಸಿಗುತ್ತವೆ, ಆದರೆ ಸಾಂಬಾರಿನಲ್ಲಿ ಈರುಳ್ಳಿ, ಪಲ್ಯದಲ್ಲಿ ಬಟಾಟೆ ಸಾಮಾನ್ಯ. ನೀರುದೋಸೆ, ಇಡ್ಲಿ, ಬಿಳಿ ಅನ್ನ ಕೇಳಿ. ಚಟ್ನಿಗೆ ಬೆಳ್ಳುಳ್ಳಿ ಹಾಕಿದ್ದಾರೆಯೇ ಎಂದು ವಿಚಾರಿಸಿ. ದ್ವಿದಳ ಪಾಲಿಸುವವರು ಇಡ್ಲಿಗೆ ಮೊಸರು ಬೆರೆಸುವುದಿಲ್ಲವಾದ್ದರಿಂದ ಮನೆಯ ಚಟ್ನಿಪುಡಿ, ತುಪ್ಪ ಜೊತೆಗಿರಲಿ. ಅವಲಕ್ಕಿ, ಹುರಿಹಿಟ್ಟು, ಚಕ್ಕುಲಿ, ಬೆಲ್ಲ ಮೂರು ದಿನ ಕೆಡುವುದಿಲ್ಲ. ನೀರು ಗಾಳಿಸಲು ಶುಭ್ರವಾದ ದಪ್ಪ ಬಟ್ಟೆ, ಕಾಯಿಸಿದ ನೀರಿಗೆ ದೊಡ್ಡ ಫ್ಲಾಸ್ಕ್ ಮರೆಯಬೇಡಿ.

ಮಕ್ಕಳಿಗೆ ಕೆಲಸ ಕೊಡಿ

ಪ್ರತಿ ಮಗುವಿಗೂ ಒಂದು ನೋಟುಪುಸ್ತಕ. ಬಸದಿಯೊಳಗೆ ಹೋದೊಡನೆ ಲಾಂಛನ ಹುಡುಕುವ ಆಟ: ವೃಷಭವಿದ್ದರೆ ಆದಿನಾಥ, ಚಂದ್ರನಿದ್ದರೆ ಚಂದ್ರಪ್ರಭ, ಶಂಖವಿದ್ದರೆ ನೇಮಿನಾಥ, ಸರ್ಪವಿದ್ದರೆ ಪಾರ್ಶ್ವನಾಥ, ಸಿಂಹವಿದ್ದರೆ ಮಹಾವೀರ. ಕಂಡದ್ದನ್ನು ಬರೆಯಲಿ. ಒಂದು ದಿನಕ್ಕೆ ಎರಡು ಬಸದಿಗಿಂತ ಹೆಚ್ಚು ಇಡಬೇಡಿ; ಮೂರನೆಯದರಲ್ಲಿ ಮಕ್ಕಳು ಅಳುತ್ತಾರೆ, ದೊಡ್ಡವರು ಸಿಡುಕುತ್ತಾರೆ, ದರ್ಶನ ಯಾರಿಗೂ ಆಗುವುದಿಲ್ಲ.

ಸಂರಕ್ಷಿತ ಸ್ಮಾರಕಗಳಲ್ಲಿ ದೀಪ ಹಚ್ಚುವ, ಅಭಿಷೇಕ ಮಾಡುವ ಮೊದಲು ಅಲ್ಲಿರುವ ಸಿಬ್ಬಂದಿಯನ್ನು ಕೇಳಿ. ಭಿನ್ನವಾದ ಮೂರ್ತಿಗಳನ್ನು ಮುಟ್ಟದಿರಿ, ಬಿದ್ದ ಕಲ್ಲನ್ನು ನೆನಪಿಗೆಂದು ತರಬೇಡಿ. ಹೊರಡುವ ಒಂದು ವಾರ ಮೊದಲು ಆ ಭಾಗದ ಶ್ರಾವಕರನ್ನೋ ಪುರೋಹಿತರನ್ನೋ ಸಂಪರ್ಕಿಸಿ, ಬಾಗಿಲು ತೆರೆಯುವ ವೇಳೆ ಕೇಳಿಕೊಳ್ಳಿ. ಯಾವ ಪುಸ್ತಕವೂ ಕೊಡದ ಮಾಹಿತಿ ಅದೊಂದೇ. ನಮ್ಮ ಅಜ್ಜಿ ಆ ರಾತ್ರಿ ಉಪವಾಸ ಮಲಗಿದ್ದು ಅದನ್ನು ಕೇಳದೆ ಹೋದದ್ದರಿಂದ.

ಈ ರಜೆಯಲ್ಲಿ ಒಮ್ಮೆ ಹೋಗಿಬನ್ನಿ. ಜೈ ಜಿನೇಂದ್ರ.